ಉಳಿದ ನೂರಾ ಅರವತ್ತೆಂಟು ಹೆಜ್ಜೆ

ಎಂಟನೆಯ ತರಗತಿಗೆ ಪ್ರಾಗಿತಿಹಾಸದ ಪಾಠ ಮಾಡುತ್ತ, ಆದಿಮಾನವರು ಕಲ್ಲಿನ ಆಯುಧಗಳಿಂದ ಬೇಟೆಯಾಡುತ್ತಿದ್ದರು ಎಂಬ ಮಾತನ್ನು ನಾನು ಹೇಳಿ ಮುಗಿಸುವುದರೊಳಗೆ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸರ್ರ, ನಮ್ಮ ಹೊಲಕ್ಕ ಚಿಗರಿ ಬರ್ತಾವ್ರಿ. ನಾವು ಬದುವಿನ ಮ್ಯಾಗ ಕಾಣಿಸಿದ ಕೂಡ್ಲೆ ಓಡತಾವ. ಕಲ್ಲು ಹಿಡಕೊಂಡು ಅವನ್ನ ಹೆಂಗ ಹೊಡೀತಿದ್ರರಿ?” ಎಂದು ಕೇಳಿದನು. ಮುಂಡರಗಿ ತಾಲ್ಲೂಕಿನ ನಮ್ಮ ಶಾಲೆಯ ಸುತ್ತ ಎರೆಹೊಲಗಳಿವೆ. ಹಿಂಗಾರಿಯ ಕಡಲೆ ಗೇಣುದ್ದ ಬೆಳೆಯುವ ಹೊತ್ತಿಗೆ ಚಿಗರಿಯ, ಎಂದರೆ ಕೃಷ್ಣಮೃಗದ, ಹಿಂಡುಗಳು ಇಳಿಯುತ್ತವೆ. ಹುಡುಗನ ಪ್ರಶ್ನೆ ಕಣ್ಣಾರೆ ಕಂಡದ್ದರಿಂದ ಹುಟ್ಟಿತ್ತು. ಅದಕ್ಕೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಅದೇ ಪಾಠವನ್ನು ಹೇಳುತ್ತ ಬಂದಿದ್ದರೂ ಕಲ್ಲಿನ ಆಯುಧವನ್ನು ನಾನು ಒಮ್ಮೆಯೂ ಮಾಡಿ ನೋಡಿರಲಿಲ್ಲ, ಎಸೆದು ನೋಡಿರಲಿಲ್ಲ. ಮುಂದಿನ ಮೂರು ವರ್ಷಗಳ ಬಿಡುವಿನಲ್ಲಿ ನಾನು ಮಾಡಿದ್ದು ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ಮೊದಲು ಚಿಗರಿ ಎಷ್ಟು ದೂರದಿಂದ ಓಡುತ್ತದೆ ಎಂಬುದನ್ನು ಅಳೆಯಬೇಕಾಗಿತ್ತು. ನಮ್ಮದೇ ಹೊಲದಲ್ಲಿ, ಬೆಳಗಿನ ಹೊತ್ತು, ಬರಿಗೈಯಲ್ಲಿ ಹಿಂಡಿನ ಕಡೆಗೆ ನೆಟ್ಟಗೆ ನಡೆಯುವುದು. ಮೊದಲ ಚಿಗರಿ ಜಿಗಿದು ಓಡಿದ ಕ್ಷಣದಲ್ಲಿ ನಿಂತು ಬಿಡುವುದು. ಅದು ನಿಂತಿದ್ದ ಜಾಗವನ್ನು ಗುರುತಿಟ್ಟುಕೊಂಡು ಅಲ್ಲಿಯ ತನಕ ಹೆಜ್ಜೆ ಎಣಿಸುವುದು. ನನ್ನ ನಾಲ್ಕು ಹೆಜ್ಜೆಗೆ ಮೂರು ಮೀಟರ್ ಆಗುತ್ತದೆ. ಒಂದು ಚಳಿಗಾಲದಲ್ಲಿ ಹೀಗೆ ಹದಿನೈದು ಬಾರಿ ಎಣಿಸಿದಾಗ ಸರಾಸರಿ 180 ಹೆಜ್ಜೆ ಬಂದಿತು. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಲ್ಲುವುದು ಮಾತ್ರವಲ್ಲ, ಹಿಡಿಯಲು ಯತ್ನಿಸುವುದೂ ಅಪರಾಧ. ಆದ್ದರಿಂದ ಅರಣ್ಯ ಸಿಬ್ಬಂದಿಗೆ ಮೊದಲೇ ತಿಳಿಸಿ, ಹಿಂಡನ್ನು ಬೆನ್ನಟ್ಟದೆ, ಮರಿಗಳಿದ್ದ ದಿನ ಹೊಲಕ್ಕೇ ಇಳಿಯದೆ ಈ ಲೆಕ್ಕ ಮಾಡಿದೆನು. ಇಲ್ಲಿ ನಾನು ಹೇಳುವ ಯಾವ ಆಯುಧವನ್ನೂ ಯಾವ ಜೀವದ ಮೇಲೂ ಪ್ರಯೋಗಿಸಿಲ್ಲ. ನನ್ನ ಗುರಿಯಾಗಿದ್ದುದು ಜೋಳದ ಕಣಿಕೆ ತುಂಬಿ ಚಿಗರಿಯ ಎತ್ತರಕ್ಕೆ ಕಟ್ಟಿದ ಎರಡು ಗೋಣಿಚೀಲ. ಹತ್ತು ಬಾರಿ ಎಸೆದರೆ ಐದು ಬಾರಿಯಾದರೂ ಚೀಲಕ್ಕೆ ತಾಗಬೇಕು. ಅಷ್ಟು ಖಚಿತವಾಗಿ ತಾಗುವ ಗರಿಷ್ಠ ದೂರವೇ ಆ ಆಯುಧದ ದೂರ ಎಂದು ನಿಯಮ ಮಾಡಿಕೊಂಡೆನು.

ಈಟಿಯಿಂದ ಆರಂಭಿಸಿದೆನು. ಜರ್ಮನಿಯ ಶೋನಿಂಗೆನ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಮಣ್ಣಿನಲ್ಲಿ 1990ರ ದಶಕದಲ್ಲಿ ಸಿಕ್ಕ ಮರದ ಈಟಿಗಳು ಎರಡರಿಂದ ಮೂರು ಲಕ್ಷ ವರ್ಷ ಹಳೆಯವು. ಅವುಗಳ ಜೊತೆಯಲ್ಲೇ ಕಾಡುಕುದುರೆಗಳ ಮೂಳೆಗಳು ಸಿಕ್ಕಿವೆ. ಆ ಈಟಿಗಳಿಗೆ ಕಲ್ಲಿನ ಮೊನೆಯಿಲ್ಲ, ಮರವನ್ನೇ ಕೆತ್ತಿ ಚೂಪು ಮಾಡಲಾಗಿದೆ. ನಾನು ಎರಡು ಮೀಟರ್ ಉದ್ದದ ಬೇವಿನ ಕೊಂಬೆಯನ್ನು ಕೆತ್ತಿ, ತುದಿಯನ್ನು ಕೆಂಡದಲ್ಲಿ ಕಾಯಿಸಿ ಗಟ್ಟಿ ಮಾಡಿದೆನು. ಶೋನಿಂಗೆನ್ ಈಟಿಯ ಮಾದರಿಗಳನ್ನು ತರಬೇತಿ ಪಡೆದ ಭರ್ಜಿ ಎಸೆತಗಾರರ ಕೈಗೆ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ 20 ಮೀಟರ್ ದೂರದ ಗುರಿಗೆ ತಾಗಿಸಲು ಸಾಧ್ಯವಾಗಿತ್ತು. ಎರಡು ತಿಂಗಳು ದಿನವೂ ಎಸೆದ ಮೇಲೆ ನನ್ನ ದೂರ 12 ಹೆಜ್ಜೆಗೆ, ಎಂದರೆ 9 ಮೀಟರಿಗೆ ಬಂದು ನಿಂತಿತು. ಚಿಗರಿ ಓಡುವುದು 180 ಹೆಜ್ಜೆಯಲ್ಲಿ, ನನ್ನ ಈಟಿ ತಾಗುವುದು 12 ಹೆಜ್ಜೆಯಲ್ಲಿ. ನಡುವೆ 168 ಹೆಜ್ಜೆ ಉಳಿಯಿತು. ನಾನು ಇನ್ನೂ ಚೆನ್ನಾಗಿ ಎಸೆಯಬಲ್ಲವನಾಗಿದ್ದರೆ ಹತ್ತು ಹನ್ನೆರಡು ಹೆಜ್ಜೆ ಕಡಿಮೆಯಾಗುತ್ತಿತ್ತೇ ಹೊರತು ಆ ಅಂತರ ಮುಚ್ಚುತ್ತಿರಲಿಲ್ಲ. ಹುಡುಗನ ಪ್ರಶ್ನೆಯನ್ನು ನಾನು ಅಲ್ಲಿಂದ ಮುಂದೆ ಈ ಸಂಖ್ಯೆಯಾಗಿಯೇ ಕಂಡೆನು: ಆ 168 ಹೆಜ್ಜೆಗಳನ್ನು ಮನುಷ್ಯ ಯಾವ ಯಾವ ಕಾಲದಲ್ಲಿ ಹೇಗೆ ದಾಟಿದನು?

ಓಡಿ ದಾಟಿದ್ದೂ ಉಂಟು. ಆಫ್ರಿಕಾದ ಕಲಹಾರಿಯ ಸಾನ್ ಜನರಲ್ಲಿ ಕೆಲವರು ನಡುಹಗಲಿನ ಬಿಸಿಲಿನಲ್ಲಿ ಕುಡು ಎಂಬ ದೊಡ್ಡ ಜಿಂಕೆಯನ್ನು ಗಂಟೆಗಟ್ಟಲೆ ಬೆನ್ನುಹತ್ತಿ, ಅದು ಮೈ ಕಾದು ನಿಂತುಬಿಡುವ ತನಕ ಹೆಜ್ಜೆಯ ಗುರುತು ಹಿಡಿದು ಓಡುತ್ತಿದ್ದರು. ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಮನುಷ್ಯನಿಗಿರುವಷ್ಟು ಆ ಪ್ರಾಣಿಗಿಲ್ಲದಿರುವುದೇ ಇದರ ಗುಟ್ಟು. ಗಮನಿಸಬೇಕಾದದ್ದು, ಅಲ್ಲಿಯೂ ಕಾಲಿಗಿಂತ ಕಣ್ಣಿನ ಕೆಲಸವೇ ಹೆಚ್ಚು; ಹಿಂಡಿನಲ್ಲಿ ಬೆರೆತ ಒಂದೇ ಪ್ರಾಣಿಯ ಗೊರಸಿನ ಗುರುತನ್ನು ನೂರಾರು ಗುರುತುಗಳ ನಡುವೆ ಬಿಡದೆ ಹಿಡಿಯಲಾರದವನು ಎಷ್ಟು ಓಡಿದರೂ ವ್ಯರ್ಥ.

ಕಲ್ಲಿನ ಕೆಲಸ ನನ್ನ ಸಮಯವನ್ನು ಎಲ್ಲಕ್ಕಿಂತ ಹೆಚ್ಚು ತಿಂದಿತು. ನಮ್ಮ ನಾಡು ಈ ವಿದ್ಯೆಯಲ್ಲಿ ಬಹಳ ಹಳೆಯದು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಸುಣ್ಣಕಲ್ಲಿನ ಚಪ್ಪಡಿಗಳಿಂದ ಕೈಗೊಡಲಿಗಳನ್ನು ಮಾಡುತ್ತಿದ್ದ ನೆಲೆಯೇ ಸಿಕ್ಕಿದೆ; ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿರುವ ಖ್ಯಾಡದಲ್ಲಿಯೂ ಹಳೆಯ ಶಿಲಾಯುಗದ ಉಪಕರಣಗಳು ದೊರೆತಿವೆ. ಅಂಥ ನೆಲೆಗಳ ಕಲ್ಲನ್ನು ಯಾರೂ ಮುಟ್ಟಬಾರದು. ನಾನು ಬಳಸಿದ್ದು ಗದಗ ಸೀಮೆಯ ಗುಡ್ಡಗಳಲ್ಲಿ ಎಲ್ಲೆಂದರಲ್ಲಿ ಬಿಳಿಯ ಪಟ್ಟಿಯಾಗಿ ಕಾಣುವ ಬೆಣಚುಕಲ್ಲನ್ನು ಮತ್ತು ರಸ್ತೆ ಕೆಲಸಕ್ಕೆ ತಂದು ಸುರಿದಿದ್ದ ಜಲ್ಲಿಯ ರಾಶಿಯಲ್ಲಿ ಹೆಕ್ಕಿದ ಚಕಮಕಿ ಕಲ್ಲುಗಳನ್ನು. ಬೆಣಚುಕಲ್ಲು ಹಟಮಾರಿ. ತುಂಗಭದ್ರೆಯ ಗುಂಡುಕಲ್ಲಿನಿಂದ ಏಟು ಹಾಕಿದರೆ ಅದು ಬೇಕಾದ ಕಡೆ ಸೀಳದೆ ಸಕ್ಕರೆಯ ಗಡ್ಡೆಯಂತೆ ಪುಡಿಯಾಗುತ್ತದೆ. ಚಕಮಕಿ ಕಲ್ಲು ಹಾಗಲ್ಲ. ಅಂಚಿನಿಂದ ತುಸು ಒಳಗೆ, ಓರೆಯಾಗಿ ಹೊಡೆದರೆ ‘ಟಿಣ್’ ಎಂಬ ಸಣ್ಣ ಶಬ್ದದೊಂದಿಗೆ ಮೀನಿನ ಹುರುಪೆಯಂಥ ತೆಳು ಸೀಳು ಕಳಚಿ ಬರುತ್ತದೆ. ಸರಿಯಾದ ಏಟು ಬಿದ್ದಿತೇ ಇಲ್ಲವೇ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಅದನ್ನು ಕಿವಿ ಕಲಿಯುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಎಡಗೈ ಹೆಬ್ಬೆರಳಿಗೆ ಮೂರು ಹೊಲಿಗೆಯೂ ಬಿದ್ದವು. ಆ ಗಾಯ ಬ್ಲೇಡಿನಿಂದ ಕೊಯ್ದಂತೆ ನೇರವಾಗಿತ್ತು, ರಕ್ತ ಕಾಣುವ ತನಕ ನೋವೇ ತಿಳಿಯಲಿಲ್ಲ. ಕಲ್ಲಿನ ಆಯುಧವೆಂದರೆ ಮೊಂಡು ಎಂದು ಪಾಠ ಹೇಳುತ್ತಿದ್ದ ನನ್ನ ತಪ್ಪು ತಿಳಿವಳಿಕೆ ಅಂದಿಗೆ ಮುಗಿಯಿತು.

ಸೂಕ್ಷ್ಮ ಶಿಲಾಯುಗದ ಜನ ಒಂದು ಇಂಚೂ ಇರದ ಸಣ್ಣ ಅಲಗುಗಳನ್ನು ಮಾಡಿ, ಮರದ ಕೋಲಿನಲ್ಲಿ ಗೀರಿದ ತೋಡಿನೊಳಗೆ ಸಾಲಾಗಿ ಕೂಡಿಸಿ ಅಂಟಿಸುತ್ತಿದ್ದರು. ಒಂದು ಅಲಗು ಮುರಿದರೆ ಅದೊಂದನ್ನೇ ಕಿತ್ತು ಬೇರೆಯದನ್ನು ಕೂಡಿಸಬಹುದು. ಇಡೀ ಆಯುಧ ಹಾಳಾಗುವುದಿಲ್ಲ. ನಾನು ಐದು ಅಲಗುಗಳನ್ನು ಕೂಡಿಸಿ ಬರೀ ರಾಳವನ್ನು ಕರಗಿಸಿ ಅಂಟಿಸಿದೆನು. ಮೊದಲ ಎಸೆತಕ್ಕೇ ಅಂಟು ಗಾಜಿನಂತೆ ಒಡೆದು ಅಲಗುಗಳು ಕಣಿಕೆಯೊಳಗೆ ಉದುರಿದವು. ಜೇನುಮೇಣ ಬೆರೆಸಿದಾಗ ಒಡೆಯಲಿಲ್ಲ, ಆದರೆ ಬಿಸಿಲಿನಲ್ಲಿ ಮೆತ್ತಗಾಗಿ ಜಾರಿದವು. ಎರಡು ಪಾಲು ರಾಳ, ಒಂದು ಪಾಲು ಜೇನುಮೇಣ, ಒಂದು ಪಾಲು ನುಣ್ಣಗೆ ಅರೆದ ಇದ್ದಿಲು ಸೇರಿಸಿದ ಮೇಲೆ ಹಿಡಿತ ಬಂದಿತು. ಇದ್ದಿಲಿನ ಬದಲು ಕಾವಿಮಣ್ಣು ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ. ಅಡುಗೆಮನೆಯ ಹಳೆಯ ಬಾಣಲೆಯೊಂದನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟ ನನ್ನ ಮನೆಯವರೇ, “ರಾಳ ಕುದಿಸಬ್ಯಾಡ್ರಿ, ಕರಗಿದರ ಸಾಕು, ಕುದ್ದರ ಪುಡಿಪುಡಿ ಆಗತೈತಿ” ಎಂದು ಹೇಳಿದರು. ಬೆಲ್ಲದ ಪಾಕದಲ್ಲಿ ಪಳಗಿದ ಅವರ ಕಣ್ಣು ನಾನು ಎರಡು ವಾರ ಕಾಣದ ತಪ್ಪನ್ನು ಕಂಡಿತು.

ಈಟಿಯನ್ನು ಕೈಯಿಂದ ನೇರವಾಗಿ ಎಸೆಯದೆ, ತುದಿಯಲ್ಲಿ ಕೊಕ್ಕೆಯಿರುವ ಮೊಳದುದ್ದದ ಕೋಲಿಗೆ ಅದರ ಬಾಲವನ್ನು ಕೂಡಿಸಿ ಬೀಸುವ ವಿಧಾನ ಫ್ರಾನ್ಸಿನ ಗುಹೆಗಳಲ್ಲಿ ಸುಮಾರು 17,000 ವರ್ಷಗಳ ಹಿಂದೆಯೇ ಇತ್ತು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಮೆಕ್ಸಿಕೋದ ಅಜ್ಟೆಕ್ ಜನರು ಇದನ್ನು ಚರಿತ್ರೆಯ ಕಾಲದವರೆಗೂ ಬಳಸಿದರು. ಜಾಲಿಯ ಕವಲಿನಿಂದ ನಾನೊಂದು ಕೊಕ್ಕೆಕೋಲು ಮಾಡಿ, ತೆಳುವಾದ ಬಿದಿರಿನ ಈಟಿಯನ್ನು ಅದರಿಂದ ಬೀಸಿದಾಗ, ಅದು ನನ್ನ ಗುರಿಯನ್ನೂ ಶಾಲೆಯ ಕಾಂಪೌಂಡನ್ನೂ ದಾಟಿ ಪಕ್ಕದವರ ಬಣವೆಯಲ್ಲಿ ನೆಟ್ಟಿತು. ದೂರಕ್ಕೇನೂ ಕೊರತೆಯಿರಲಿಲ್ಲ, ಗುರಿ ಕಷ್ಟವಾಗಿತ್ತು. ಮೂರು ತಿಂಗಳ ಅಭ್ಯಾಸದ ಮೇಲೆ 20 ಹೆಜ್ಜೆಯಲ್ಲಿ ಹತ್ತಕ್ಕೆ ಐದು ತಾಗತೊಡಗಿದವು.

ಕವಣೆಯ ವಿಷಯಕ್ಕೆ ಬಂದರೆ ನಾನು ಕಲಿಯಬೇಕಾದದ್ದೇನೂ ಇರಲಿಲ್ಲ. ಜೋಳ ಹಾಲುಗಾಳಾದಾಗ ಹಕ್ಕಿ ಕಾಯಲು ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿಯೇ ನಾವೆಲ್ಲ ದೊಡ್ಡವರಾದವರು. ಪುಂಡಿಯ ನಾರನ್ನು ಹೊಸೆದು, ನಡುವೆ ಅಂಗೈಯಗಲದ ಜೋಳಿಗೆಯನ್ನು ಹೆಣೆದು, ಒಂದು ತುದಿಯ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ಲಿಂಬೆಗಾತ್ರದ ಕಲ್ಲು 150 ಹೆಜ್ಜೆಯಾಚೆ ಬೀಳುತ್ತದೆ. ಆದರೆ ನನ್ನ ನಿಯಮದ ಪ್ರಕಾರ ಅದು ಖಚಿತವಾಗಿ ತಾಗಿದ್ದು 15 ಹೆಜ್ಜೆಯಲ್ಲಿ ಮಾತ್ರ. ಹಕ್ಕಿಯನ್ನು ಎಬ್ಬಿಸಲು ಗುರಿ ಬೇಕಾಗಿಲ್ಲ, ಶಬ್ದ ಸಾಕು. ಹಿಂಡಾಗಿ ಕುಳಿತ ಹಕ್ಕಿಗಳ ನಡುವೆ ಎಸೆದಾಗ ಒಂದಾದರೂ ಬಿದ್ದೀತು. ಒಂಟಿ ಚಿಗರಿಗೆ ಮಾತ್ರ ಅದು ಆಯುಧವಲ್ಲ ಎಂದೇ ನನ್ನ ತೀರ್ಮಾನ.

ಬಿಲ್ಲು ಇವೆಲ್ಲಕ್ಕಿಂತ ಬೇರೆಯಾದ ವಸ್ತು. ಶಕ್ತಿಯನ್ನು ಮೊದಲೇ ಕೂಡಿಟ್ಟುಕೊಂಡು ಬೇಕಾದ ಕ್ಷಣದಲ್ಲಿ ಬಿಡುವ ಉಪಾಯ ಅದರಲ್ಲಿದೆ. ಶ್ರೀಲಂಕಾದ ಫಾಹಿಯಾನ್ ಗುಹೆಯಲ್ಲಿ ಸುಮಾರು 48,000 ವರ್ಷ ಹಳೆಯದಾದ ಮೂಳೆಯ ಬಾಣದ ಮೊನೆಗಳು ದೊರೆತಿವೆ. ಅಲ್ಲಿನ ಜನ ದಟ್ಟ ಮಳೆಕಾಡಿನಲ್ಲಿ ಕೋತಿ, ಅಳಿಲುಗಳಂಥ ಚುರುಕು ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರು. ಅಳ್ನಾವರ ಕಡೆಯಿಂದ ತರಿಸಿದ ಬಲಿತ ಬಿದಿರನ್ನು ಸೀಳಿ, ನೆರಳಿನಲ್ಲಿ ಮೂರು ತಿಂಗಳು ಒಣಗಿಸಿ, ಹೊಟ್ಟೆಯ ಕಡೆಯಿಂದ ಮಾತ್ರ ಹೆರೆದು ಬಿಲ್ಲು ಮಾಡಿದೆನು. ಮೊದಲನೆಯದು ಎಡಗಡೆ ತುಸು ದಪ್ಪವಾಗಿದ್ದುದರಿಂದ ಬಲಗಡೆಯೇ ಹೆಚ್ಚು ಬಾಗಿ ಸಿಡಿಯಿತು. ಸೀಳು ಕೆನ್ನೆಗೆ ಬಡಿಯಿತು, ಕಣ್ಣು ಉಳಿದದ್ದು ಅದೃಷ್ಟ. ಅಲ್ಲಿಂದ ಮುಂದೆ ಹುಡುಗರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡೇ ಬಿಲ್ಲನ್ನು ಪರೀಕ್ಷಿಸಿದೆನು. ನಾಲ್ಕನೆಯ ಬಿಲ್ಲು ನಿಂತಿತು. ಕೋಳಿಯ ಗರಿಯನ್ನು ಸೀಳಿ ಮೂರು ಕಡೆ ಕಟ್ಟಿದ ಬಾಣ ನೆಟ್ಟಗೆ ಹೋಯಿತು, ಗರಿಯಿಲ್ಲದ ಬಾಣ ಅಡ್ಡ ತಿರುಗಿ ಬಿದ್ದಿತು. ಒಂದು ವರ್ಷದ ಕೊನೆಗೆ ನನ್ನ ದೂರ 25 ಹೆಜ್ಜೆ. ಇದು ಈಟಿಯ ಎರಡರಷ್ಟು ಎನ್ನುವುದಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಈಟಿ ಎಸೆಯುವವನು ಎದ್ದು ನಿಲ್ಲಬೇಕು, ಕೈ ಹಿಂದಕ್ಕೆ ಚಾಚಬೇಕು, ಒಂದೆರಡು ಹೆಜ್ಜೆ ಓಡಬೇಕು. ಬಿಲ್ಲು ಹಿಡಿದವನು ಪೊದೆಯ ಮರೆಯಲ್ಲಿ ಮೊಣಕಾಲೂರಿ ಕುಳಿತಲ್ಲೇ ಬಾಣ ಬಿಡಬಹುದು. ಪ್ರಾಣಿಯನ್ನು ಎಚ್ಚರಿಸುವುದು ನಮ್ಮ ಅಲುಗಾಟವೇ. ಆ ಅಲುಗಾಟವನ್ನು ಬಿಲ್ಲು ಕಿತ್ತುಹಾಕಿತು.

ಹಾವೇರಿ ಜಿಲ್ಲೆಯ ಹಳ್ಳೂರು ತುಂಗಭದ್ರೆಯ ದಂಡೆಯ ಮೇಲಿದೆ. ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗ ಮುಗಿದು ಕಬ್ಬಿಣದ ಯುಗ ಆರಂಭವಾಗುವ ಸಂಧಿಯ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು, ಕಾಲ ಕ್ರಿ.ಪೂ. 1000ದ ಸುಮಾರು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಆರಂಭವನ್ನು ಚರ್ಚಿಸುವಾಗ ಹಳ್ಳೂರಿನ ಹೆಸರು ಬಾರದೆ ಇರುವುದಿಲ್ಲ. ನಾನು ನಮ್ಮೂರ ಕಂಬಾರರ ಬಳಿ ಹೋಗಿ, ಚಕ್ಕಡಿ ಗಾಲಿಯ ಹಳೆಯ ಹಳಿಯ ತುಂಡಿನಿಂದ ಮೊನೆಗಳನ್ನು ಮಾಡಿಸಿದೆನು. ಅವರು ಒಂದು ತಾಸಿನಲ್ಲಿ ಐದು ಮೊನೆಗಳನ್ನು ಬಡಿದು ಕೊಟ್ಟರು. ಕಲ್ಲಿನಲ್ಲಿ ಅಷ್ಟೇ ಮೊನೆಗಳನ್ನು ಮಾಡಲು ನನಗೆ ಐದು ಭಾನುವಾರ ಬೇಕಾಗಿದ್ದವು. ಗೋಣಿಚೀಲದ ಮೇಲೆ ಎರಡನ್ನೂ ಹೊಡೆದು ನೋಡಿದರೆ, ಚಕಮಕಿ ಕಲ್ಲಿನ ಮೊನೆ ಕಬ್ಬಿಣದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಕಬ್ಬಿಣ ಗೆದ್ದದ್ದು ಹರಿತದಿಂದಲ್ಲ. ನೆಲಕ್ಕೆ ಬಡಿದರೂ ಒಡೆಯದೆ, ಬಾಗಿದರೆ ಮತ್ತೆ ತಟ್ಟಿ, ಮಸೆದು ಬಳಸಬಹುದಾದ ಗುಣದಿಂದ. ದೂರ ಮಾತ್ರ ಅದೇ 25 ಹೆಜ್ಜೆಯಲ್ಲಿ ಉಳಿಯಿತು.

ಹಳ್ಳೂರಿನ ಕಾಲಕ್ಕೆ ದನ, ಕುರಿ, ಆಡುಗಳು ಮನೆಯಲ್ಲಿದ್ದವು, ರಾಗಿ ಹೊಲದಲ್ಲಿತ್ತು. ಮಾಂಸಕ್ಕಾಗಿ ಕಾಡಿಗೇ ಹೋಗಬೇಕೆಂಬ ಒತ್ತಾಯ ಕಡಿಮೆಯಾದಂತೆ ಬೇಟೆಯು ಬೆಳೆ ಕಾಯುವ ಕೆಲಸವಾಗಿ, ಕೆಲವರ ಕುಲಕಸುಬಾಗಿ, ಅರಸರ ವಿನೋದವಾಗಿ ಬೇರೆ ಬೇರೆ ದಾರಿ ಹಿಡಿಯಿತು. ನಮ್ಮ ಭಾಗವನ್ನಾಳಿದ ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಬೇಟೆಯ ಬಗೆಗಳಿಗೇ ಪ್ರತ್ಯೇಕ ಭಾಗವಿದೆ. ನಾಯಿ, ಗಿಡುಗಗಳನ್ನು ಬಳಸುವುದು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ಅಲ್ಲಿ ಬರುತ್ತವೆ. ಇವೆಲ್ಲವೂ ನನ್ನ 168 ಹೆಜ್ಜೆಗಳನ್ನು ಇನ್ನೊಂದು ಪ್ರಾಣಿಯ ಕಾಲಿನಿಂದ ದಾಟುವ ಉಪಾಯಗಳೇ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 950ರ ಸುಮಾರಿನ ಶಾಸನದಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಮಣಲರನೆಂಬ ವೀರನು ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿ ಇದೆ. ನಾಯಿ ಹಂದಿಗಳ ಕಾದಾಟವನ್ನು ಆ ಕಲ್ಲಿನ ಮೇಲೆ ಕೆತ್ತಲಾಗಿದೆ. ಒಂದು ನಾಯಿಗೆ ಸಂದ ಆ ಗೌರವವನ್ನು ಮಕ್ಕಳಿಗೆ ಹೇಳುವಾಗ ನನ್ನ ದನಿ ಇಂದಿಗೂ ತಾನಾಗಿಯೇ ತಗ್ಗುತ್ತದೆ. ಚಿಗರಿಯ ಬೇಟೆಗೆ ಮಾತ್ರ ನಾಯಿ ಸಾಲದು. ಚಿಗರಿ ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಓಡುತ್ತದೆ. ಆರೋಗ್ಯವಂತ ಚಿಗರಿಯನ್ನು ಬಯಲಿನಲ್ಲಿ ಹಿಡಿಯುವುದು ಮುಧೋಳ ನಾಯಿಗೂ ಕಷ್ಟ. ಆದ್ದರಿಂದಲೇ ಅರಸರು ಚೀತಾವನ್ನು ಪಳಗಿಸಿದರು. ನೆರೆಯ ಕೊಲ್ಲಾಪುರ ಸಂಸ್ಥಾನದಲ್ಲಿ ಈ ಬೇಟೆ 20ನೆಯ ಶತಮಾನದವರೆಗೂ ನಡೆಯಿತು. ಕಣ್ಣಿಗೆ ಮುಚ್ಚಳ ಕಟ್ಟಿದ ಚೀತಾವನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹಿಂಡಿನ ಹತ್ತಿರಕ್ಕೆ ಒಯ್ದು ಬಿಡುತ್ತಿದ್ದರು. ಚೀತಾ ಓಡುವುದು ಕೆಲವೇ ನೂರು ಮೀಟರ್. ಅದಕ್ಕಾಗಿ ಗಾಡಿ ಹತ್ತಿರ ಹೋಗಲೇಬೇಕಿತ್ತು.

ಎತ್ತಿನ ಗಾಡಿಯ ಈ ಸಂಗತಿಯನ್ನು ಓದಿದ ಮೇಲೆ ನಾನೂ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಮತ್ತೆ ಎಣಿಸಿದೆನು. ನಡೆದು ಹೋದರೆ 180 ಹೆಜ್ಜೆಗೆ ಓಡುತ್ತಿದ್ದ ಅದೇ ಹಿಂಡು ಚಕ್ಕಡಿಯನ್ನು 60 ಹೆಜ್ಜೆಯವರೆಗೆ ಬಿಟ್ಟುಕೊಂಡಿತು. ಗಾಡಿಯಿಂದ ಇಳಿದು ಒಂದು ಕಾಲು ನೆಲಕ್ಕೆ ಇಟ್ಟ ಕೂಡಲೇ ಓಡಿತು.

ಇದರ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ಗದಗಿನಲ್ಲಿ ನೆಲೆಸಿರುವ ಹರಣಶಿಕಾರಿ ಸಮುದಾಯದ ಹಿರಿಯರೊಬ್ಬರು. ಚಿಗರಿ ಬೇಟೆಯನ್ನೇ ಕುಲಕಸುಬು ಮಾಡಿಕೊಂಡಿದ್ದ ಈ ಜನರ ಹೆಸರಿನಲ್ಲಿಯೇ ಹರಿಣವಿದೆ. ಫಾಸೆ ಎಂದರೆ ಉರುಲು. ಉರುಲು ಒಡ್ಡುವವರಾದ್ದರಿಂದ ಫಾಸೆ ಪಾರ್ಧಿ ಎಂಬ ಹೆಸರೂ ಇವರ ಬಳಗಕ್ಕಿದೆ. 1871ರ ಕಾಯ್ದೆಯ ಮೂಲಕ ಬ್ರಿಟಿಷ್ ಸರಕಾರ ಇಂಥ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ಹುಬ್ಬಳ್ಳಿಯ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಅವರನ್ನು ಬೇಲಿಯೊಳಗೆ ಇರಿಸಿದ್ದ ಕಾಲದ್ದು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಹೆಸರಿನ ನೋವು ಇನ್ನೂ ಮಾಯ್ದಿಲ್ಲ. ಆದ್ದರಿಂದ ಅಜ್ಜ ನನ್ನೊಡನೆ ಬಾಯಿ ಬಿಡಲು ನಾನು ನಾಲ್ಕು ಸಲ ಹೋಗಬೇಕಾಯಿತು. ಅವರು ಉರುಲು ಮುಟ್ಟದೆ ನಲವತ್ತು ವರ್ಷಗಳಾಗಿವೆ. ಹಣ್ಣಿನ ವ್ಯಾಪಾರ ಮಾಡಿ ಮಕ್ಕಳನ್ನು ಓದಿಸಿದ್ದಾರೆ. ಆದರೂ ಹತ್ತಿಯ ಹಗ್ಗದಲ್ಲಿ ನನಗೆ ತೋರಿಸುವಾಗ ಕೈ ತಪ್ಪಲಿಲ್ಲ. ಗೂಟದಿಂದ ಗೂಟಕ್ಕೆ ಹಾಯುವ ಒಂದು ಉದ್ದ ಹಗ್ಗ, ಅದರಲ್ಲಿ ಮೊಳಕ್ಕೊಂದರಂತೆ ಇಳಿಬಿಟ್ಟ ಕುಣಿಕೆಗಳು. ಚಿಗರಿಗೆ ನರದ ಉರುಲು, ಕೌಜುಗ ಲಾವಕ್ಕಿಗಳಿಗೆ ಕುದುರೆ ಬಾಲದ ಕೂದಲಿನ ಉರುಲು. ಕುಣಿಕೆಯ ಎತ್ತರವನ್ನು ಗೇಣು, ಚೋಟು, ಬೆರಳಿನಲ್ಲಿ ಅಳೆಯುತ್ತಿದ್ದರು. ಎರಡು ಬೆರಳು ಹೆಚ್ಚಾದರೆ ಕಾಲು ಕೆಳಗೆ ನುಸುಳಿ ಹೋಗುತ್ತದೆಯಂತೆ.

ಉರುಲು ಒಡ್ಡುವುದು ಅರ್ಧ ಕೆಲಸ, ಉಳಿದರ್ಧ ಎತ್ತಿನದು. ಮೇಯುತ್ತ ಸಾಗುವುದಕ್ಕೆ ಪಳಗಿಸಿದ ಒಂದು ಎತ್ತಿನ ಮರೆಯಲ್ಲಿ ನಡೆದು ಹಿಂಡನ್ನು ಮೆಲ್ಲಗೆ ಉರುಲಿನ ಕಡೆಗೆ ತಿರುಗಿಸುತ್ತಿದ್ದರು. ನಾನು ನನ್ನ 180 ಹೆಜ್ಜೆಯ ಲೆಕ್ಕವನ್ನು ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಮಾಸ್ತರ್ರ, ನೀವು ನೆಟ್ಟಗ ಹೊಂಟ್ರಿ. ನೆಟ್ಟಗ ಬರೂದು ತೋಳ. ಎತ್ತು ನೋಡ್ರಿ, ಒಂದು ಬಾಯಿ ಮೇಯತೈತಿ, ಈ ಕಡೆ ನಾಕು ಹೆಜ್ಜಿ, ಆ ಕಡೆ ಎರಡು ಹೆಜ್ಜಿ. ಚಿಗರಿ ಮ್ಯಾಲೆ ನದರ ಇಡೂದಿಲ್ಲ. ನೀವು ನದರ ಇಟ್ಟೀರಿ ಅಂದ್ರ ಅದಕ್ಕ ಗೊತ್ತಾಗತೈತಿ.” ಗಾಳಿ ಯಾವ ಕಡೆಯಿಂದ ಬೀಸಬೇಕು, ಸೂರ್ಯ ಬೆನ್ನಿಗಿರಬೇಕೇ ಎದುರಿಗಿರಬೇಕೇ, ತಲೆ ಎತ್ತಿದ ಚಿಗರಿ ಬಾಲ ಅಲ್ಲಾಡಿಸಿದರೆ ಏನರ್ಥ ಎಂಬುದನ್ನೆಲ್ಲ ಅವರು ಎರಡು ತಾಸು ಹೇಳಿದರು. ನಾನು ಮೂರು ವರ್ಷ ಆಯುಧಗಳ ಹಿಂದೆ ಬಿದ್ದು ಗಳಿಸಿದ್ದು ಈಟಿಯಿಂದ ಬಿಲ್ಲಿನ ತನಕ 13 ಹೆಜ್ಜೆ. ಅಜ್ಜನ ಬಳಿ ಇದ್ದುದು ಉಳಿದ ನೂರೈವತ್ತಕ್ಕೂ ಹೆಚ್ಚು ಹೆಜ್ಜೆಗಳ ವಿದ್ಯೆ. ಬೇಟೆಯ ಇತಿಹಾಸವನ್ನು ನಾವು ಆಯುಧಗಳ ಇತಿಹಾಸವಾಗಿ ಬರೆಯುವುದು ಕಲ್ಲು ಕಬ್ಬಿಣಗಳು ಮಣ್ಣಿನಲ್ಲಿ ಉಳಿಯುವುದರಿಂದ. ನಡಿಗೆ ಉಳಿಯುವುದಿಲ್ಲ.

ಬಂದೂಕು ಈ ವಿದ್ಯೆಯ ಬೆಲೆಯನ್ನು ಇಳಿಸಿತು. ನಮ್ಮ ತಂದೆಯವರ ಬಳಿ ಬೆಳೆ ರಕ್ಷಣೆಯ ಪರವಾನಗಿಯಿದ್ದ ಕೇಪಿನ ಬಂದೂಕು ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಅರಿವೆಯ ಚಿಂದಿ ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಚಿಂದಿ ಜಡಿದು, ಕೊನೆಗೆ ಕೇಪು ಕೂಡಿಸುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಅದರ ದೂರ 60 ಹೆಜ್ಜೆ ಎಂದು ಅವರು ಹೇಳುತ್ತಿದ್ದರು. ಚಕ್ಕಡಿಗೆ ಚಿಗರಿ ಓಡುವ ದೂರವೂ ಅದೇ ಎಂಬುದು ನನಗೆ ಹೊಳೆದದ್ದು ಈಚೆಗೆ. 1857ರಲ್ಲಿ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಎದುರು ನಿಂತು ಪ್ರಾಣ ಕೊಟ್ಟದ್ದನ್ನು ನಮ್ಮ ಲಾವಣಿಗಳು ಹಾಡುತ್ತವೆ. ಬೇಟೆ ಮತ್ತು ಕಾಳಗಗಳೇ ಬದುಕಾಗಿದ್ದವರಿಗೆ ಆಯುಧವೆಂದರೆ ರಟ್ಟೆಯೇ ಆಗಿತ್ತು. ಆಮೇಲೆ ರೈಫಲು ಬಂದಿತು. ಎರಡನೆಯ ಮಹಾಯುದ್ಧದ ನಂತರ ಜೀಪು ಮತ್ತು ಪ್ರಖರ ದೀಪ ಬಂದವು. ರೈಫಲಿನ ಗುಂಡು 180 ಹೆಜ್ಜೆಯನ್ನು ನಿರಾಯಾಸವಾಗಿ ದಾಟುತ್ತದೆ. ರಾತ್ರಿ ದೀಪದ ಬೆಳಕಿಗೆ ಕಣ್ಣು ಕೋರೈಸಿದ ಪ್ರಾಣಿ ಓಡುವುದನ್ನೇ ಮರೆತು ನಿಲ್ಲುತ್ತದೆ. ಲಕ್ಷಾಂತರ ವರ್ಷ ಪ್ರಾಣಿಯ ಕೈಯಲ್ಲಿದ್ದ ದೂರ ಒಂದೇ ತಲೆಮಾರಿನಲ್ಲಿ ಮನುಷ್ಯನ ಕೈಗೆ ಬಂದಿತು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1951ರಲ್ಲಿ, ಕಾಡುಪ್ರಾಣಿ ಪಕ್ಷಿಗಳ ರಕ್ಷಣೆಗೆ ಒಂದು ಕಾಯ್ದೆ ಆಗಿತ್ತು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ 1972ರಲ್ಲಿ ಬಂದಿತು. 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಅದೇ ಬಯಲಿನಲ್ಲಿದ್ದ ಎರೆಭೂತ ಹಕ್ಕಿ ಮಾತ್ರ ಉಳಿಯಲಿಲ್ಲ.

ಇಂದು ಕದ್ದು ನಡೆಯುವ ಬೇಟೆಯನ್ನು ನೋಡಿದರೆ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಗುತ್ತದೆ. ಬೈಕಿನ ಕ್ಲಚ್ ವಾಯರಿನ ಉರುಲು, ಬೇಲಿಗೆ ಹರಿಸಿದ ಕರೆಂಟು, ಹಿಟ್ಟಿನುಂಡೆಯೊಳಗೆ ಇಟ್ಟ ಸಿಡಿಮದ್ದು. ಹಾಕಿದವನು ಮನೆಯಲ್ಲಿ ಮಲಗಿರುತ್ತಾನೆ. ಹಂದಿಗೆಂದು ಇಟ್ಟದ್ದಕ್ಕೆ ಹಸು ಬಾಯಿ ಹಾಕುತ್ತದೆ, ತೋಳ ಸಿಕ್ಕಿಬೀಳುತ್ತದೆ, ಕೆಲವೊಮ್ಮೆ ಮನುಷ್ಯನೇ ಸಾಯುತ್ತಾನೆ. ಅಜ್ಜನ ಉರುಲೂ ಉರುಲೇ ಎಂದು ಯಾರಾದರೂ ಹೇಳಬಹುದು. ಆದರೆ ಅದರ ಪಕ್ಕದಲ್ಲಿ ಅಜ್ಜ ಇರುತ್ತಿದ್ದರು. ಬೇಡವಾದದ್ದು ಸಿಕ್ಕರೆ ಬಿಡಿಸುತ್ತಿದ್ದರು, ಗಬ್ಬದ ಚಿಗರಿಯನ್ನು ಬಿಡುವುದು ಅವರಲ್ಲಿ ಕಟ್ಟಳೆಯಾಗಿತ್ತು. ವಾಯರಿನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅಂಥ ಎರಡು ಉರುಲುಗಳನ್ನು ನಮ್ಮ ಹುಡುಗರು ಹಳ್ಳದ ದಂಡೆಯಲ್ಲಿ ಕಂಡು ತೆಗೆಸಿದ್ದಾರೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಅಜ್ಜ ಹೇಳಿಕೊಟ್ಟಂತೆ ನಮ್ಮ ಮುದಿ ಎತ್ತಿನ ಮರೆಯಲ್ಲಿ ನಡೆದೆನು. ಬಿಲ್ಲನ್ನು ಶಾಲೆಯ ಕಪಾಟಿನಲ್ಲಿ ಇಟ್ಟು ಬಂದಿದ್ದೆನು. ಕೈಯಲ್ಲಿದ್ದುದು ಎತ್ತಿನ ಹಗ್ಗ ಮಾತ್ರ. ಗಾಳಿ ಮುಖಕ್ಕೆ ಬೀಸುತ್ತಿತ್ತು. ಎತ್ತು ಬದುವಿನ ಹುಲ್ಲಿಗೆ ಬಾಯಿ ಹಾಕಿದಲ್ಲೆಲ್ಲ ನಾನೂ ನಿಂತೆನು, ಅದು ಅಡ್ಡ ಹೋದರೆ ಅಡ್ಡ ಹೋದೆನು, ಹಿಂಡಿನ ಕಡೆ ನೋಡದೆ ನನ್ನ ಕಾಲುಗಳನ್ನೂ ಎತ್ತಿನ ಗೊರಸುಗಳನ್ನೂ ನೋಡುತ್ತ ಉಳಿದೆನು. ಹತ್ತು ನಿಮಿಷದ ದಾರಿಗೆ ಒಂದೂವರೆ ತಾಸು ಹಿಡಿಯಿತು. ಕೊನೆಗೆ ಎತ್ತಿನ ಕೊರಳಿನ ಕೆಳಗಿನಿಂದ ನೋಡಿದಾಗ ಕರಿಯ ಬೆನ್ನಿನ ಗಂಡೊಂದು ಕಡಲೆಯ ಗಿಡವನ್ನು ಮೇಯುತ್ತಿತ್ತು. ಕೊಂಬಿನ ಮುರಿಗಳಲ್ಲಿ ಅಂಟಿದ್ದ ಒಣಮಣ್ಣು, ಕಣ್ಣಿನ ಸುತ್ತಲಿನ ಬಿಳಿಯ ಬಳೆ, ಕಡಲೆಯ ಹುಳಿ ತಾಗಿ ಒದ್ದೆಯಾದ ಮೂತಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅದು ತಲೆ ಎತ್ತಿ ಎತ್ತನ್ನು ನೋಡಿ, ಮತ್ತೆ ತಲೆ ತಗ್ಗಿಸಿತು. ಪ್ರಶ್ನೆ ಕೇಳಿದ್ದ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ದೂರದ ಬದುವಿನ ಮೇಲೆ ಕುಳಿತು ನೋಡುತ್ತಿದ್ದ ಅವನು, ಹಿಂಡು ತಾನಾಗಿಯೇ ಮೇಯುತ್ತ ದೂರ ಸರಿದ ಮೇಲೆ ಬಂದು, ಎತ್ತು ನಿಂತಿದ್ದ ಜಾಗದಿಂದ ಚಿಗರಿಯ ಗೊರಸು ಮೂಡಿದ್ದ ಜಾಗದ ತನಕ ನನ್ನ ಜೊತೆ ಹೆಜ್ಜೆ ಎಣಿಸಿದನು. 24 ಹೆಜ್ಜೆ ಆಯಿತು.